ಸಹಾಯ ಬೇಕು: ಮನೆತುಂಬ ಶೀತ, ಅಮ್ಮನಿಗೆ ತಾಗದಂತೆ ಏನು ಮಾಡಲಿ?

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ಒಂದು ಒಳಗಿನ ಊರು. ಜಡಿಮಳೆ ಹಿಡಿದು ಹನ್ನೆರಡು ದಿನವಾಯಿತು. ಶಾಲೆಯಿಂದ ಬಂದ ಶೀತ, ಜ್ವರ ಮಕ್ಕಳಿಬ್ಬರನ್ನೂ ಹಿಡಿದಿದೆ. ಅಮ್ಮನಿಗೆ 78 ವರ್ಷ, ಉಬ್ಬಸ ಬೇರೆ. ಮೊಮ್ಮಕ್ಕಳು ಅವರ ಮಡಿಲು ಬಿಟ್ಟು ಏಳುವುದಿಲ್ಲ. ಬೈಯಲು ಮನಸ್ಸೂ ಬರುವುದಿಲ್ಲ.

ಸೋಪು ಹಚ್ಚಿ 20 ಸೆಕೆಂಡು ಕೈ ತೊಳೆಸುತ್ತಿದ್ದೇನೆ, ಲೋಟ ಬೇರೆ ಮಾಡಿದ್ದೇನೆ. ತೊಡಕಾಗಿರುವುದು ಬಟ್ಟೆ. ಕರವಸ್ತ್ರ, ಟವೆಲುಗಳು ಬಚ್ಚಲೊಲೆಯ ಮೇಲಿನ ಹಗ್ಗದಲ್ಲಿ ಎರಡು ದಿನ ನೇತಾಡಿದರೂ ಅಂಚು ಹಸಿಯಾಗಿಯೇ ಇರುತ್ತದೆ. ಒಲೆ ಜೋರು ಮಾಡಿದರೆ ಹೊಗೆಗೆ ಅಮ್ಮನ ಕೆಮ್ಮು ಹೆಚ್ಚುತ್ತದೆ. ಕಿಟಕಿ ತೆರೆದರೆ ಎರಚಲು, ಮುಚ್ಚಿದರೆ ಎಲ್ಲರಿಗೂ ಅದೇ ಗಾಳಿ. ನೀವೆಲ್ಲ ಹೇಗೆ ಒಣಗಿಸುತ್ತೀರಿ?

ಪಕ್ಕದ ಮನೆಯವರು ಉಳಿದಿದ್ದ ಆಂಟಿಬಯಾಟಿಕ್ ಮಾತ್ರೆ ಕೊಡಲು ಬಂದರು. ವೈರಸ್ಸಿಗೆ ಅದು ನಾಟುವುದಿಲ್ಲವೆಂದು ಬೇಡ ಎಂದೆ. ಕಾಳುಮೆಣಸಿನ ಕಷಾಯ ಗಂಟಲಿಗೆ ಹಿತ, ಅಷ್ಟೇ.

ಇನ್ನೊಂದು ಮುಖ್ಯ ವಿಷಯ. ಫ್ಲೂ ವೈರಸ್ ಬದಲಾಗುತ್ತಲೇ ಇರುವುದರಿಂದ ಲಸಿಕೆಯನ್ನು ಪ್ರತಿವರ್ಷ ಹಾಕಿಸಬೇಕಂತೆ. ತೀರ್ಥಹಳ್ಳಿಯಲ್ಲೇ ಸಿಗುತ್ತದೆಯೇ, ಶಿವಮೊಗ್ಗಕ್ಕೇ ಹೋಗಬೇಕೇ? ಈ ಮಳೆಯಲ್ಲಿ ಅಮ್ಮನನ್ನು ಬಸ್ಸಿನಲ್ಲಿ ಅಷ್ಟು ದೂರ ಕರೆದೊಯ್ಯಲು ಭಯವಾಗುತ್ತಿದೆ. ಹಿರಿಯರಿಗೆ ಹಾಕಿಸಿದವರಿದ್ದರೆ ದಯವಿಟ್ಟು ತಿಳಿಸಿ.