ಎರಡು ವರ್ಷದವರೆಗೆ ಸರಿಯಾಗಿದ್ದ, ಈಗ 18 ಕೆಜಿ. ಇದು ಶುರುವಾಗಿದ್ದು ಯಾವಾಗ?

ಮಂಡ್ಯದಮ್ಮ:
ಮಗನಿಗೆ 3 ವರ್ಷ 4 ತಿಂಗಳು. ಎತ್ತರ 97 ಸೆಂ.ಮೀ., ತೂಕ 18 ಕೆಜಿ. ಹೋದ ವಾರ ಜ್ವರ ಅಂತ ಕ್ಲಿನಿಕ್‌ಗೆ ಹೋಗಿದ್ದಾಗ ಡಾಕ್ಟರು "ತೂಕ ಜಾಸ್ತಿ ಆಯ್ತಲ್ಲಮ್ಮ" ಅಂದರು, ಹಿಂದೆ ಕ್ಯೂ ಇತ್ತು, ಮಾತು ಅಷ್ಟಕ್ಕೇ ನಿಂತಿತು. ಮನೆಗೆ ಬಂದು ತಾಯಿ ಕಾರ್ಡ್ ತೆಗೆದೆ. ಹುಟ್ಟಿದಾಗ 2.8, ಒಂದು ವರ್ಷಕ್ಕೆ 9.6, ಎರಡಕ್ಕೆ 12.2. ಅಲ್ಲಿವರೆಗೆ ಗೆರೆ ನೆಟ್ಟಗಿದೆ. ಆಮೇಲೆ ನಾನು ಕೆಲಸಕ್ಕೆ ಸೇರಿದೆ, ತೂಕ ಹಾಕಿಸಿಯೇ ಇಲ್ಲ. ಆರನೇ ತಿಂಗಳಿಂದ ಡಬ್ಬದ ಹಾಲು ಕೊಟ್ಟಿದ್ದೆ, ಅದರಿಂದಲೇ ಹೀಗಾಯ್ತಾ? ನಮ್ಮತ್ತೆ "ಮಗು ಗುಂಡುಗುಂಡಗೆ ಇರಬೇಕು ಕಣೆ, ಉದ್ದ ಆದಾಗ ಇಳಿಯುತ್ತೆ, ದೃಷ್ಟಿ ಹಾಕಬೇಡ" ಅನ್ನುತ್ತಾರೆ. ಜಗಳ ಬೇಡ, ಮಗು ನೋಡಿಕೊಳ್ಳುತ್ತಿರುವುದೇ ಅವರು.

ಕುಕ್ಕರಹಳ್ಳಿ ವಾಕರ್ (ಮೈಸೂರು):
ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿದ್ದೆ, ಈಗ ರಿಟೈರ್ಡ್. ಮೊದಲ ವರ್ಷ ತೂಕ ತೀರಾ ಬೇಗ ಏರಿದರೆ ಅದೂ ಕಾರಣ ಆಗಬಹುದು, ಆದರೆ ನಿಮ್ಮ ಮಗುವಿಗೆ ಹಾಗಾಗಿಲ್ಲ, ಡಬ್ಬದ ಹಾಲನ್ನು ಸುಮ್ನೆ ಬೈಯಬೇಡಿ.

ಎಂಟು ಒಂಬತ್ತು ತಿಂಗಳ ಮಗುವಿನ ತೊಡೆ ಮಡಿಕೆ ಮಡಿಕೆ ಇರುತ್ತದೆ, ಇರಬೇಕಾದದ್ದೇ. ಆಮೇಲೆ ಎತ್ತರಕ್ಕೆ ತಕ್ಕ ತೂಕ, ಅಂದರೆ ಬಿಎಂಐ, ಇಳಿಯುತ್ತಾ ಹೋಗಿ ಐದಾರು ವರ್ಷಕ್ಕೆ ತೀರಾ ಕೆಳಗೆ ಬರುತ್ತದೆ, ಮಗು ಕಡ್ಡಿಯಂತೆ ಕಾಣುವುದು ಆಗಲೇ. ಅಲ್ಲಿಂದ ಮತ್ತೆ ಏರುತ್ತದೆ. ಈ ಎರಡನೇ ಏರಿಕೆ ಮೂರು ನಾಲ್ಕರಲ್ಲೇ ಶುರುವಾದರೆ ಮುಂದೆಯೂ ದಪ್ಪ ಉಳಿಯುವುದು ಜಾಸ್ತಿ. ಜರ್ಮನಿಯಲ್ಲಿ 50 ಸಾವಿರಕ್ಕೂ ಹೆಚ್ಚು ಮಕ್ಕಳ ಲೆಕ್ಕ ನೋಡಿ 2018ರಲ್ಲಿ ಬರೆದರು: ಹರೆಯದಲ್ಲಿ ಬೊಜ್ಜಿದ್ದ ಮಕ್ಕಳ ತೂಕ ಓಡಿದ್ದು 2ರಿಂದ 6 ವರ್ಷದ ನಡುವೆ. ಮೂರಕ್ಕೇ ಬೊಜ್ಜಿದ್ದವರಲ್ಲಿ ನೂರಕ್ಕೆ ಸುಮಾರು 90 ಮಕ್ಕಳು ಹರೆಯದಲ್ಲೂ ಹೆಚ್ಚು ತೂಕದವರೇ. "ಉದ್ದ ಆದಾಗ ಇಳಿಯುತ್ತೆ" ಅಂತ ಕಾಯುವ ವಯಸ್ಸಲ್ಲ ಇದು.

ಎರಡರ ಮೇಲೆ ವರ್ಷಕ್ಕೆ ಸುಮಾರು 2 ಕೆಜಿ ಸಾಕು. ನಿಮ್ಮವನಿಗೆ 16 ತಿಂಗಳಲ್ಲಿ 5.8. ಅವನ ಎತ್ತರಕ್ಕೆ 14ರಿಂದ 15 ಕೆಜಿ ಸರಾಸರಿ. ಹೆಚ್ಚು ತೂಕದ ಗೆರೆ ದಾಟಿದ್ದಾನೆ, ಬೊಜ್ಜಿನ ಗೆರೆ ಮುಟ್ಟಿಲ್ಲ.

ಯಾಕೆ ಅಂದರೆ, ಒಂದು ವರ್ಷ ದಾಟಿದ ಮೇಲೆ ಬೆಳವಣಿಗೆ ನಿಧಾನ ಆಗುತ್ತದೆ, ಹಸಿವೂ ಕಮ್ಮಿ. ಮನೆಯವರಿಗೆ ಅದು "ಮಗು ಊಟಾನೇ ಮಾಡಲ್ಲ" ಅಂತ ಕಾಣುತ್ತದೆ. ಆಗ ಮೊಬೈಲ್ ಹಿಡಿಸಿ ತುರುಕುತ್ತೇವೆ, ಊಟ ಬಿಟ್ಟರೆ ಹಾಲು, ಹಾಲು ಬಿಟ್ಟರೆ ಬಿಸ್ಕತ್ತು. ಹೊಟ್ಟೆ ತುಂಬಿದ್ದು ಮಗುವಿಗೇ ಗೊತ್ತಾಗುವುದಿಲ್ಲ. ದಿನಕ್ಕೆ ಎಷ್ಟು ಲೋಟ ಹಾಲು?

ಕಬ್ಬಿನ ಗದ್ದೆ (ಮದ್ದೂರು):
ಎಲ್ಲದಕ್ಕೂ ಗ್ರಾಫ್ ಯಾಕೆ ಸ್ವಾಮಿ? ನನ್ನ ತಮ್ಮ ಚಿಕ್ಕವನಿದ್ದಾಗ ಮುದ್ದೆ ಥರ ಇದ್ದ, ಈಗ ಕಬ್ಬಿನ ಜಲ್ಲೆ. ಕೆಲವರದ್ದು ವಂಶವೇ ದಪ್ಪ.

ಕುಕ್ಕರಹಳ್ಳಿ ವಾಕರ್:
ಮುದ್ದೆ ಥರ ಇದ್ದದ್ದು ಎಷ್ಟನೇ ವಯಸ್ಸಲ್ಲಿ? ಒಂದು ವರ್ಷದೊಳಗೆ ಅಂದರೆ ಅದು ಲೆಕ್ಕಕ್ಕಿಲ್ಲ. ವಂಶದ ಮಾತು ಸುಳ್ಳಲ್ಲ, ಬಸಿರಿನ ಪಾಲೂ ಇದೆ. ಇಲ್ಲೇ ನಮ್ಮ ಮೈಸೂರಿನ ಮಿಷನ್ ಆಸ್ಪತ್ರೆಯಲ್ಲಿ 1997-98ರಲ್ಲಿ ಬಸುರಿಯರನ್ನು ಸೇರಿಸಿಕೊಂಡು, ಅವರ ಮಕ್ಕಳನ್ನು ವರ್ಷಗಟ್ಟಲೆ ಅಳೆದರು. ಹುಟ್ಟಿದಾಗ ಇಂಗ್ಲೆಂಡಿನ ಕೂಸುಗಳಿಗಿಂತ ನಮ್ಮವು ಚಿಕ್ಕವು, ಆದರೆ ಬೆನ್ನಿನ ಕೊಬ್ಬು ಮಾತ್ರ ಅಷ್ಟು ಕಮ್ಮಿ ಇರಲಿಲ್ಲ. ಬಸಿರಲ್ಲಿ ಶುಗರ್ ಬಂದಿದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ ಐದು ವರ್ಷಕ್ಕೆ ಕೊಬ್ಬು ಜಾಸ್ತಿ ಕಂಡಿತು. ಮಂಡ್ಯದಮ್ಮ, ನಿಮಗೆ ಶುಗರ್ ಇತ್ತಾ?

ಎರಡು ಜಡೆ ಅಪ್ಪ (ಮೈಸೂರು):
ನನ್ನ ಮಗಳದ್ದೂ ಇದೇ ಕಥೆ. ಡಯೆಟ್ ಅಂತ ಏನೂ ಮಾಡಲಿಲ್ಲ, ತೂಕ ಇಳಿಸಲೂ ಹೋಗಬಾರದು ಅಂದರು ನಮ್ಮ ಡಾಕ್ಟರು, ಏರದೆ ನಿಂತರೆ ಎತ್ತರ ಬಂದು ಸರಿಹೋಗುತ್ತದೆ. ಹಾಲು ಎರಡು ಲೋಟಕ್ಕೆ ಇಳಿಸಿದೆವು, ಊಟದ ಹೊತ್ತಿಗೆ ಮೊಬೈಲ್ ಬಂದ್, ಸಂಜೆ ಪಾರ್ಕು. ಮೊದಲ ವಾರ ಮನೆ ಕುರುಕ್ಷೇತ್ರ. ಅಮ್ಮನ ಹತ್ತಿರ ತೂಕದ ಮಾತೇ ಎತ್ತಲಿಲ್ಲ, "ಹಲ್ಲು ಹುಳುಕಾಗುತ್ತಂತೆ" ಅಂದೆ, ಸಕ್ಕರೆ ಮಾರನೇ ದಿನವೇ ನಿಂತಿತು.

ಮಂಡ್ಯದಮ್ಮ:
ಶುಗರ್ ಇರಲಿಲ್ಲ. ಲೆಕ್ಕ ಹಾಕಿದೆ: ದಿನಕ್ಕೆ ಐದು ಲೋಟ ಹಾಲು, ಪ್ರತಿ ಲೋಟಕ್ಕೂ ಎರಡು ಚಮಚ ಸಕ್ಕರೆ. ಬರೀ ಅದೇ 600 ಕ್ಯಾಲೊರಿ ಮೇಲಾಯಿತು, ಈ ವಯಸ್ಸಿಗೆ ಇಡೀ ದಿನಕ್ಕೆ ಬೇಕಾಗಿರುವುದೇ ಸಾವಿರ ಚಿಲ್ಲರೆ. ಮೇಲೆ ಬೇಕರಿ ಬನ್ನು. ಅತ್ತೆಗೆ ಮೆಲ್ಲಗೆ ಕೇಳಿದರೆ ಕಣ್ಣಲ್ಲಿ ನೀರು. "ನೀನು ಕೆಲಸದಿಂದ ಬಂದು ಮಗು ಸೊರಗಿದೆ ಅಂದರೆ ನಾನೇನು ಹೇಳಲಿ" ಅಂದರು. ಒಂದೂವರೆ ವರ್ಷ ಇದೇ ಭಯಕ್ಕೆ ತಿನ್ನಿಸಿದ್ದಾರೆ, ನನಗೆ ಗೊತ್ತೇ ಆಗಲಿಲ್ಲ. ಶನಿವಾರ ಅವರನ್ನೂ ಕರೆದುಕೊಂಡು ಅಂಗನವಾಡಿಯಲ್ಲಿ ತೂಕ ಹಾಕಿಸುತ್ತೇನೆ, ಕಾರ್ಡಿನಲ್ಲಿ ಚುಕ್ಕಿ ಅವರೇ ಇಡಲಿ.