60 ಲೀಟರ್ ಟ್ಯಾಂಕಿನ ಪುಟ್ಟ ಟ್ರೇಲರ್, ನಾಲ್ಕು ಜನ: ನೀರು ಸಾಲುವಂತೆ ಮಾಡುವುದು ಹೇಗೆ?

ಆರ್.ಆರ್. ನಗರದ ಸೊಸೆ

ನಮ್ಮದು ಎರಡು ಚಕ್ರದ ಪುಟ್ಟ ಟ್ರೇಲರ್. ಒಳಗೆ ಇಬ್ಬರು ಮಲಗಬಹುದು, ಮಿಕ್ಕವರಿಗೆ ಪಕ್ಕದಲ್ಲಿ ಟೆಂಟ್. ಹಿಂದಿನ ಬಾಗಿಲು ಮೇಲೆತ್ತಿದರೆ ಅಡುಗೆ ಕಟ್ಟೆ, ಸಿಂಕ್, ಒಂದು ನಲ್ಲಿ. ಕೆಳಗೆ 60 ಲೀಟರ್ ಟ್ಯಾಂಕ್, 12 ವೋಲ್ಟ್ ಪಂಪು. ಹೋಗುವವರು ನಾನು, ಯಜಮಾನರು, ಮಗಳು, ಅತ್ತೆ. ಸಕಲೇಶಪುರದ ಹತ್ತಿರ ಪರಿಚಯದವರ ಕಾಫಿ ತೋಟವಿದೆ. ಗಾಡಿ ನಿಲ್ಲಿಸಲು ಜಾಗ ಕೊಡುತ್ತಾರೆ. ಆದರೆ ಅವರ ಮನೆ ದೂರ, ಅಕ್ಕಪಕ್ಕ ಎಲ್ಲೂ ನಲ್ಲಿ ಇಲ್ಲ.

ಶುಕ್ರವಾರ ಮನೆಯ ಸಂಪಿನಿಂದ ಟ್ಯಾಂಕ್ ಭರ್ತಿ ಮಾಡಿಕೊಂಡು ಹೊರಟರೆ, ಶನಿವಾರ ರಾತ್ರಿ ತಟ್ಟೆ ತೊಳೆಯುವ ಹೊತ್ತಿಗೆ ಪಂಪು ಗಾಳಿ ಎಳೆಯಲು ಶುರು ಮಾಡುತ್ತದೆ. ಭಾನುವಾರ ಪೂರ್ತಿ ಬಾಕಿ. ಯಜಮಾನರು ಗಾಡಿಯ ಹಿಂದುಗಡೆ ಇನ್ನೊಂದು 60 ಲೀಟರ್ ಟ್ಯಾಂಕ್ ಕೂರಿಸೋಣ ಅನ್ನುತ್ತಿದ್ದಾರೆ. ನನಗೆ ಯಾಕೋ ಸರಿ ಕಾಣುತ್ತಿಲ್ಲ. ಏರು ಬಂದರೆ ಕಾರು ಈಗಲೇ ಏದುಸಿರು ಬಿಡುತ್ತದೆ.

ಒಂದು ಮಾತು. ಅತ್ತೆ ಸ್ನಾನ ಆಗದೆ ಒಲೆ ಹಚ್ಚುವವರಲ್ಲ. ವೆಟ್ ವೈಪ್ಸ್‌ನಲ್ಲಿ ಮೈ ಒರೆಸಿಕೊಳ್ಳಲಿ ಅಂತ ದಯವಿಟ್ಟು ಯಾರೂ ಬರೆಯಬೇಡಿ. ನನ್ನನ್ನು ಮನೆಗೆ ಸೇರಿಸುವುದಿಲ್ಲ.

ಹಾಸನದವನು, ಈಗ ಪೀಣ್ಯ

ಅತ್ತೆಯವರ ಸ್ನಾನದ ತಂಟೆಗೆ ಹೋಗಬೇಡಿ ಮೇಡಂ. ಅರ್ಧ ಬಕೆಟ್ ಅಂದರೆ 7-8 ಲೀಟರ್. ಬಕೆಟ್‌ಗೆ ತಳ ಇದೆ, ಎಷ್ಟು ಖರ್ಚಾಯಿತು ಅಂತ ಕಣ್ಣಿಗೆ ಕಾಣುತ್ತದೆ. ನಲ್ಲಿಗೆ ತಳ ಇಲ್ಲ. ನಿಮ್ಮ ನೀರು ಹೋಗುತ್ತಿರುವುದು ಅಲ್ಲೇ.

ಟ್ರೇಲರ್‌ಗೆ ಹಾಕುವ ಪಂಪು ಸಾಮಾನ್ಯವಾಗಿ ನಿಮಿಷಕ್ಕೆ ಹತ್ತು ಲೀಟರ್ ಆಸುಪಾಸು ತಳ್ಳುವಂಥದ್ದು. ನಲ್ಲಿ ಸಣ್ಣದಿದ್ದರೆ ಸ್ವಲ್ಪ ಕಮ್ಮಿ ಬರುತ್ತದೆ, ಅಷ್ಟೇ. ಮನೆಯಲ್ಲೇ ಒಂದು ಸಲ ಅಳೆದು ನೋಡಿ. ಗುರುತು ಇರುವ ಮಗ್ ಹಿಡಿದು ಹತ್ತು ಸೆಕೆಂಡ್ ಬಿಡಿ, ಬಂದದ್ದನ್ನು ಆರರಿಂದ ಗುಣಿಸಿ. ಆಮೇಲೆ ಮಗಳು ಬ್ರಷ್ ಬಾಯಲ್ಲಿಟ್ಟುಕೊಂಡು ನಲ್ಲಿ ಬಿಟ್ಟು ನಿಂತರೆ ನೀವೇ ಓಡಿ ಹೋಗಿ ನಿಲ್ಲಿಸುತ್ತೀರಿ.

ನಾನು ಮಾಡುವುದು ಇಷ್ಟು. ಕ್ಯಾಂಪಿನಲ್ಲಿ ಪಂಪಿನ ಸ್ವಿಚ್ ಆಫ್. ಬೆಳಿಗ್ಗೆ ಒಂದು ಸಲ ಹಾಕಿ, ಕೆಳಗೆ ನಲ್ಲಿ ಇರುವ ಹತ್ತು ಲೀಟರ್ ಕ್ಯಾನ್ ತುಂಬಿ ಕಟ್ಟೆ ಮೇಲೆ ಇಡುತ್ತೇನೆ. ಕೈ, ಮುಖ, ಪಾತ್ರೆ ಎಲ್ಲದಕ್ಕೂ ಆ ದಿನ ಅಷ್ಟೇ. ಒತ್ತಡ ಇಲ್ಲದ್ದರಿಂದ ನೀರು ದಾರದ ಹಾಗೆ ಬರುತ್ತದೆ, ಕೈ ತೊಳೆಯಲು ಅದು ಧಾರಾಳ. ಇಂಥ ಕ್ಯಾನ್ ಕೆ.ಆರ್. ಮಾರ್ಕೆಟ್ ಕಡೆಯ ಪ್ಲಾಸ್ಟಿಕ್ ಅಂಗಡಿಗಳಲ್ಲಿ ಕೇಳಿ.

ಇನ್ನು ಮುಸುರೆ. ಅಸಲಿ ಖರ್ಚು ಇದು, ಸ್ನಾನಕ್ಕಿಂತ ಜಾಸ್ತಿ. ಪಾತ್ರೆಗೆ ನೀರು ತಗುಲುವ ಮುಂಚೆ ಮುಕ್ಕಾಲು ಕೆಲಸ ಮುಗಿದಿರಬೇಕು. ಬಿಸಿಬೇಳೆಬಾತ್ ಮಾಡಿದ ಪಾತ್ರೆಯನ್ನೇ ತಗೊಳ್ಳಿ. ಅಂಚಿನಲ್ಲಿ ಒಣಗಿ ಹಿಡಿದಿರುತ್ತದೆ. ಮರದ ಸೌಟಿನಲ್ಲಿ ಕೆರೆದು, ಒಂದು ಲೋಟ ನೀರು ಹಾಕಿ, ಮುಚ್ಚಳ ಮುಚ್ಚಿ ಒಂದು ಕುದಿ ಬರಿಸಿ. ಅಂಟಿದ್ದೆಲ್ಲ ತಾನಾಗಿ ಬಿಟ್ಟುಕೊಳ್ಳುತ್ತದೆ. ಅದೇ ಬಿಸಿ ನೀರಿಗೆ ಒಂದು ತೊಟ್ಟು ಸೋಪು ಬಿಟ್ಟು ಉಜ್ಜಿ, ಸೌಟು, ಚಮಚ, ಲೋಟಗಳನ್ನೂ ಅದರಲ್ಲೇ ಅದ್ದಿ. ಕೊನೆಗೆ ಗಿಡಕ್ಕೆ ಚಿಮುಕಿಸುವ ಸ್ಪ್ರೇ ಬಾಟಲಿಯಲ್ಲಿ ಬರೀ ನೀರು ಹೊಡೆದು ಒರೆಸಿಡಿ. ಸೋಪು ಒಂದು ತೊಟ್ಟಿಗಿಂತ ಜಾಸ್ತಿ ಆಯಿತೋ, ನೊರೆ ಬಿಡಿಸಲಿಕ್ಕೇ ಎರಡು ಲೀಟರ್ ಹೋಗುತ್ತದೆ. ಊಟಕ್ಕೆ ಬಾಳೆ ಎಲೆ ಹಾಕಿ. ಮಲೆನಾಡಿಗೆ ಹೋಗಿ ಸ್ಟೀಲ್ ತಟ್ಟೆ ತೊಳೆಯುತ್ತಾ ಕೂರುವುದು ಯಾಕೆ?

ಎರಡನೇ ಟ್ಯಾಂಕ್ ಬೇಡವೇ ಬೇಡ. 60 ಲೀಟರ್ ಅಂದರೆ 60 ಕೆ.ಜಿ. ಅದನ್ನು ಆಕ್ಸಲ್ ಹಿಂದೆ ಕೂರಿಸಿದರೆ ಹುಕ್ ಮೇಲೆ ಬೀಳುವ ಭಾರ ತಗ್ಗುತ್ತದೆ, ಸ್ಪೀಡಿನಲ್ಲಿ ಟ್ರೇಲರ್ ಅತ್ತಿತ್ತ ಓಲಾಡಲು ಶುರುವಾಗುತ್ತದೆ. ಹೆದ್ದಾರಿ 75ರಲ್ಲಿ ಪಕ್ಕದಲ್ಲಿ ಲಾರಿ ಹಾದುಹೋಗುವಾಗ ಅದು ಆಟದ ಮಾತಲ್ಲ. ಅರ್ಧ ತುಂಬಿದ ಟ್ಯಾಂಕ್ ಇನ್ನೂ ಕೆಟ್ಟದ್ದು, ಬ್ರೇಕ್ ಹಾಕಿದಾಗಲೆಲ್ಲ ಒಳಗಿನ ನೀರು ಮುಂದಕ್ಕೆ ನುಗ್ಗುತ್ತದೆ.

ಅಷ್ಟಕ್ಕೂ ಬೆಂಗಳೂರಿನಿಂದ ನೀರು ಹೊತ್ತು ಹೋಗುವುದೇ ತಮಾಷೆ. ಹೇಮಾವತಿ ಸಕಲೇಶಪುರ ಹಾದು, ಗೊರೂರು ಅಣೆಕಟ್ಟೆ ದಾಟಿ, ಕೆ.ಆರ್.ಎಸ್.ನಲ್ಲಿ ಕಾವೇರಿಗೆ ಸೇರುತ್ತಾಳೆ. ಆ ನೀರನ್ನು ಕೆಳಗೆ ಟಿ.ಕೆ. ಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ಪಂಪ್ ಮಾಡಿ ನಿಮ್ಮ ಸಂಪಿಗೆ ತರುತ್ತಾರೆ. ನೀವು ಅದನ್ನೇ ಟ್ರೇಲರ್‌ನಲ್ಲಿ ಹಾಕಿಕೊಂಡು ವಾಪಸ್ ಸಕಲೇಶಪುರಕ್ಕೆ! ಖಾಲಿ ಟ್ಯಾಂಕಿನಲ್ಲಿ ಹೋಗಿ, ತೋಟದ ಮನೆಯಲ್ಲಿ ತುಂಬಿಸಿಕೊಂಡು ಆಮೇಲೆ ಜಾಗಕ್ಕೆ ಹೋಗಿ.

ಮಲ್ಲೇಶ್ವರಂ 8ನೇ ಕ್ರಾಸ್

ಮೇಲಿನವರು ಹೇಳಿದ್ದು ಸರಿ. ಆದರೆ ತೋಟದಲ್ಲಿ ತುಂಬಿದ ನೀರನ್ನು ಕುಡಿಯುವುದಕ್ಕೆ ಬಳಸಬೇಡಿ. ಹಳ್ಳದ ನೀರಂತೂ ಬೇಡವೇ ಬೇಡ, ಎಷ್ಟೇ ತಿಳಿಯಾಗಿರಲಿ. ಕಾಫಿ ತೋಟದಲ್ಲಿ ಗಿಡದ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ, ಅದರಲ್ಲಿ ಮೈಲುತುತ್ತ, ಅಂದರೆ ತಾಮ್ರದ ಲವಣ ಇರುತ್ತದೆ. ಕುದಿಸಿದರೆ ಕ್ರಿಮಿ ಸಾಯಬಹುದು, ತಾಮ್ರ ಎಲ್ಲಿಗೂ ಹೋಗುವುದಿಲ್ಲ. ಕೋಲಾರ, ಪಾವಗಡ ಕಡೆ ಹೋದಾಗ ಬೋರ್ ನೀರಿನ ಫ್ಲೋರೈಡೂ ಅಷ್ಟೇ. ಕುಡಿಯಲು, ಅಡುಗೆಗೆ 20 ಲೀಟರ್ ಕ್ಯಾನ್ ಬೇರೆ ಇಟ್ಟುಕೊಳ್ಳಿ. ದಾರಿಯ ಊರುಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ಸಿಗುತ್ತದೆ, ನಾಣ್ಯ ಹಾಕಿ ತುಂಬಿಸಬಹುದು.

2024ರ ಬೇಸಿಗೆಯಲ್ಲಿ ಜಲಮಂಡಳಿ ನಲ್ಲಿಯ ತುದಿಗೆ ಏರೇಟರ್ (ನೀರಿಗೆ ಗಾಳಿ ಬೆರೆಸಿ ಹರಿವು ಕಮ್ಮಿ ಮಾಡುವ ಜಾಲರಿ) ಹಾಕಿಸಿ ಅಂತ ಹೇಳಿತ್ತಲ್ಲ, ಅಂಥದ್ದೇ ಒಂದನ್ನು ಟ್ರೇಲರ್ ನಲ್ಲಿಗೂ ಹಾಕಬಹುದು. ಪಂಪಿನ ಒತ್ತಡ ಇದ್ದರೆ ಚೆನ್ನಾಗಿ ಕೆಲಸ ಮಾಡುತ್ತದೆ.

ಒಂದು ಪ್ರಶ್ನೆ: ಟಾಯ್ಲೆಟ್ ಬಗ್ಗೆ ಬರೆದೇ ಇಲ್ಲವಲ್ಲ?

ಆರ್.ಆರ್. ನಗರದ ಸೊಸೆ

ಹೌದು, ಪೋರ್ಟಬಲ್ ಟಾಯ್ಲೆಟ್ ಇದೆ, ಅದಕ್ಕೊಂದು ಚಿಕ್ಕ ಟೆಂಟ್. ಯಜಮಾನರು ಇದೇ ಟ್ಯಾಂಕಿನಿಂದ ಪೈಪ್ ಎಳೆದು ಹೆಲ್ತ್ ಫಾಸೆಟ್ ಕೂರಿಸಿದ್ದಾರೆ. ತುಂಬಾ ಅನುಕೂಲ ಆಗಿದೆ.

ಹಾಸನದವನು, ಈಗ ಪೀಣ್ಯ

ಅಲ್ಲಿ ಸಿಕ್ಕಿಬಿದ್ದ ಕಳ್ಳ! ಇದನ್ನು ಮೊದಲೇ ಹೇಳಬಾರದಿತ್ತಾ ಮೇಡಂ?

ಫಾಸೆಟ್ ಒತ್ತಿದ ಕೂಡಲೇ ಪಂಪು ಪೂರ್ತಿ ಜೋರಿನಲ್ಲಿ ಓಡುತ್ತದೆ. ಒಬ್ಬೊಬ್ಬರು ಒಂದು ಸಲಕ್ಕೆ ಎರಡು ಲೀಟರ್ ಬಳಸಿದರೂ ನಾಲ್ಕು ಜನರಿಗೆ ದಿನಕ್ಕೆ ಎಷ್ಟಾಯಿತು ಲೆಕ್ಕ ಹಾಕಿ. ನಷ್ಟ ಎರಡೂ ಕಡೆ. ಆ ಟಾಯ್ಲೆಟ್‌ಗಳ ಕೆಳಗಿನ ಡಬ್ಬ ಸಾಮಾನ್ಯವಾಗಿ 20 ಲೀಟರ್ ಆಸುಪಾಸು. ಒರೆಸಿಕೊಳ್ಳುವ ದೇಶದವರ ಲೆಕ್ಕಕ್ಕೆ ಮಾಡಿದ್ದು ಅದು, ತೊಳೆಯುವ ನಮಗೆ ಬೇಗ ತುಂಬಿಬಿಡುತ್ತದೆ. ಫಾಸೆಟ್ ತೆಗೆದು ಒಂದು ಚೊಂಬು ಇಡಿ. ಅರ್ಧ ಚೊಂಬು ಸಾಕು. ಡಬ್ಬವನ್ನು ಮನೆಗೆ ತಂದು ಕಮೋಡಿಗೇ ಸುರಿಯಿರಿ, ತೋಟದಲ್ಲಿ ಗುಂಡಿ ತೋಡಬೇಡಿ.

ಈಗ ಲೆಕ್ಕ ನೋಡಿ. ಅತ್ತೆಯವರಿಗೆ ಶನಿವಾರ, ಭಾನುವಾರ ಸೇರಿ 15 ಲೀಟರ್. ಮಿಕ್ಕ ಮೂವರಿಗೆ ಒಂದೊಂದು ಸಲ ಐದೈದು ಲೀಟರ್, 15. ಮುಸುರೆ, ಕೈ, ಮುಖಕ್ಕೆ ದಿನಕ್ಕೆ ಹತ್ತರಂತೆ 20. ಚೊಂಬಿಗೆ ಒಂದು ಆರೇಳು. 60ರೊಳಗೇ ಮುಗಿಯಿತು. ಕುಡಿಯುವ ಕ್ಯಾನ್ ಹೇಗೂ ಬೇರೆ.

ಆರ್.ಆರ್. ನಗರದ ಸೊಸೆ

ಯಜಮಾನರಿಗೆ ಇದನ್ನು ಓದಿ ಹೇಳಿದೆ. ಫಾಸೆಟ್ ತೆಗೆಯಲು ಮನಸ್ಸಿಲ್ಲ, ಆದರೆ ಟ್ಯಾಂಕಿನ ಮಾತು ಬಿಟ್ಟಿದ್ದಾರೆ. ಪಾತ್ರೆ ತೊಳೆದ ನೀರನ್ನು ಪಕ್ಕದ ಹಳ್ಳಕ್ಕೆ ಬಿಡಬಹುದಾ? ಅತ್ತೆ ಅಂಟುವಾಳದ ಪುಡಿಯನ್ನೇ ಬಳಸೋಣ, ಅದು ಕೆಮಿಕಲ್ ಅಲ್ಲವಲ್ಲ ಅನ್ನುತ್ತಿದ್ದಾರೆ.

ಮಲ್ಲೇಶ್ವರಂ 8ನೇ ಕ್ರಾಸ್

ಬೇಡ ಅಕ್ಕ. ಅಂಟುವಾಳದ ನೊರೆಯೂ ಮೀನಿಗೆ ವಿಷವೇ. ಸಿಂಕಿನ ಕೆಳಗೆ ಬಕೆಟ್ ಇಡಿ, ಅನ್ನದ ಅಗುಳನ್ನು ಹಳೇ ಟೀ ಸೋಸುವ ಜರಡಿಯಲ್ಲಿ ಸೋಸಿ ತೆಗೆಯಿರಿ. ಮಿಕ್ಕ ನೀರನ್ನು ಹಳ್ಳದಿಂದ ಒಂದು 60 ಮೀಟರ್ ದೂರ ನಡೆದು, ಒಂದೇ ಕಡೆ ಸುರಿಯದೆ ನೆಲಕ್ಕೆ ಎರಚಿಬಿಡಿ. ಅಗುಳು ಅಲ್ಲೇ ಬಿದ್ದಿದ್ದರೆ ರಾತ್ರಿ ಕಾಡುಹಂದಿ ಟೆಂಟ್‌ವರೆಗೂ ಬರುತ್ತದೆ.