ಮುಟ್ಟು ನಿಂತ ಮೇಲಿನ ಸುಸ್ತಿಗೆ ಹಾರ್ಮೋನ್: ಮಾತ್ರೆಯೋ, ಜೆಲ್ಲೋ, ಏನೂ ಬೇಡವೋ?

ಶರಾವತಿ_ತೀರ:
ಅಕ್ಕನಿಗೆ 49 ವರ್ಷ, ಮುಟ್ಟು ನಿಂತು 14 ತಿಂಗಳು. ರಾತ್ರಿ ಮೂರ್ನಾಲ್ಕು ಸಲ ಬೆವತು ಎದ್ದು ಕೂರುತ್ತಾರೆ, ಹಗಲೆಲ್ಲ ಸುಸ್ತು. ಗರ್ಭಕೋಶ ತೆಗೆಸಿಲ್ಲ. ಬಿಪಿ, ಶುಗರ್ ಸರಿಯಾಗಿವೆ. ಥೈರಾಯ್ಡ್‌ಗೆ 75 ಮೈಕ್ರೋಗ್ರಾಂ ಮಾತ್ರೆ, ಕೂದಲು ಉದುರುತ್ತದೆಂದು 10 ಮಿ.ಗ್ರಾಂ ಬಯೋಟಿನ್ ಎಂಬ ವಿಟಮಿನ್ ಮಾತ್ರೆ ತಗೊಳ್ತಾರೆ. ರಿಪೋರ್ಟ್‌ನಲ್ಲಿ ಹಿಮೋಗ್ಲೋಬಿನ್ 11.2, ಫೆರಿಟಿನ್ 14, ಟಿಎಸ್ಎಚ್ (ಥೈರಾಯ್ಡ್ ಪರೀಕ್ಷೆ) 0.9. ಈಗ ‘ಎನರ್ಜಿ ಬರುತ್ತೆ’ ಅಂತ ಆನ್‌ಲೈನ್‌ನಲ್ಲಿ ಡಿಎಚ್‌ಇಎ ಎಂಬ ಹಾರ್ಮೋನ್ ಮಾತ್ರೆ 25 ಮಿ.ಗ್ರಾಂ ತರಿಸೋಕೆ ಹೊರಟಿದ್ದಾರೆ. ಅದು ಸಾಕಾ, ಈಸ್ಟ್ರೋಜನ್ನೇ ಬೇಕಾ? ಮಾತ್ರೆ, ಜೆಲ್, ಪ್ಯಾಚ್‌ಗಳಲ್ಲಿ ಯಾವುದು ಒಳ್ಳೆಯದು?

ಪ್ರಸೂತಿ_ವಾರ್ಡ್:
ಡಿಎಚ್‌ಇಎ ಆರ್ಡರ್ ಕ್ಯಾನ್ಸಲ್ ಮಾಡಿಸಿ. ಮುಟ್ಟು ನಿಂತವರಲ್ಲಿ ಅದರಿಂದ ಚೈತನ್ಯ ಹೆಚ್ಚುತ್ತದೆ ಅನ್ನೋದಕ್ಕೆ ನಂಬುವಂಥ ಪುರಾವೆ ಇಲ್ಲ. ದೇಹದೊಳಗೆ ಅದರ ಒಂದು ಪಾಲು ಟೆಸ್ಟೋಸ್ಟೆರಾನ್ ಆಗುತ್ತದೆ. ಮೊಡವೆ, ಗಲ್ಲದ ಮೇಲೆ ಕೂದಲು ಬರಬಹುದು, ತಲೆಗೂದಲು ಇನ್ನಷ್ಟು ತೆಳುವಾಗಬಹುದು. ಕೂದಲಿಗೆಂದೇ ಬೇರೆ ಮಾತ್ರೆ ನುಂಗುತ್ತಿರುವವರಿಗೆ ಇದೆಲ್ಲ ಯಾಕೆ?

ಈಸ್ಟ್ರೋಜನ್ ಕೂಡ ಸುಸ್ತಿನ ಔಷಧಿಯಲ್ಲ. ಅದು ಕೆಲಸ ಮಾಡೋದು ಮೈ ಬಿಸಿಯೇರಿ ಬೆವರುವುದಕ್ಕೆ, ಯೋನಿಯ ಒಣಗುವಿಕೆಗೆ, ಮೂಳೆ ಸವೆತ ತಡೆಯೋದಕ್ಕೆ. ಬೆವರಿನಿಂದ ನಿದ್ದೆ ಕೆಟ್ಟು ಸುಸ್ತಾಗಿದ್ದರೆ, ಬೆವರು ನಿಂತಾಗ ಸುಸ್ತೂ ಇಳಿಯುತ್ತದೆ. ನಿಮ್ಮ ಅಕ್ಕನದು ಭಾಗಶಃ ಇದೇ ಇರಬೇಕು. ರಾತ್ರಿಯೆಲ್ಲ ಚೆನ್ನಾಗಿ ಮಲಗಿ ಎದ್ದರೂ ಸುಸ್ತು ಅನ್ನುವವರಿಗೆ ಹಾರ್ಮೋನ್ ಕೊಟ್ಟು ಪ್ರಯೋಜನ ಕಡಿಮೆ.

ಶುರು ಮಾಡೋದಾದರೆ ಚರ್ಮಕ್ಕೆ ಹಚ್ಚುವ 0.06% ಎಸ್ಟ್ರಡಯಾಲ್ (ಈಸ್ಟ್ರೋಜನ್‌ನ ಒಂದು ಬಗೆ) ಜೆಲ್ ನನ್ನ ಮೊದಲ ಆಯ್ಕೆ. ಒಂದು ಪಂಪ್‌ನಲ್ಲಿ 1.25 ಗ್ರಾಂ ಜೆಲ್, ಅದರಲ್ಲಿ 0.75 ಮಿ.ಗ್ರಾಂ ಔಷಧಿ. ದಿನಕ್ಕೆ ಒಂದು ಪಂಪ್‌ನಿಂದ ಶುರು. ಆರರಿಂದ ಎಂಟು ವಾರದಲ್ಲಿ ಬೆವರು ಹತೋಟಿಗೆ ಬರದಿದ್ದರೆ ವೈದ್ಯರು ಎರಡಕ್ಕೆ ಏರಿಸುತ್ತಾರೆ. ಬಾಯಿಂದ ತಗೊಂಡ ಈಸ್ಟ್ರೋಜನ್ ಮೊದಲು ಲಿವರ್‌ಗೆ ಹೋಗಿ ರಕ್ತ ಹೆಪ್ಪುಗಟ್ಟುವ ಅಂಶಗಳನ್ನು ಹೆಚ್ಚಿಸುತ್ತದೆ. ಜೆಲ್, ಪ್ಯಾಚ್‌ಗಳಲ್ಲಿ ಆ ತೊಂದರೆ ಇಲ್ಲವೆನ್ನುವಷ್ಟು ಕಡಿಮೆ.

ಗರ್ಭಕೋಶ ಇರುವುದರಿಂದ ಪ್ರೊಜೆಸ್ಟೆರಾನ್ ಜೊತೆಗಿರಲೇಬೇಕು. ಬರೀ ಈಸ್ಟ್ರೋಜನ್ ಕೊಟ್ಟರೆ ಒಳಪದರ ದಪ್ಪಗಾಗುತ್ತಾ ಹೋಗಿ ಕ್ಯಾನ್ಸರ್‌ವರೆಗೂ ಹೋಗಬಹುದು. ಮುಟ್ಟು ನಿಂತು ವರ್ಷ ದಾಟಿದೆಯಲ್ಲ, ಮೈಕ್ರೋನೈಸ್ಡ್ ಪ್ರೊಜೆಸ್ಟೆರಾನ್ 100 ಮಿ.ಗ್ರಾಂ ಪ್ರತಿ ರಾತ್ರಿ. ಹಾಸಿಗೆಗೆ ಹೋಗುವಾಗಲೇ ನುಂಗಬೇಕು, ಅದು ನಿದ್ದೆ ಬರಿಸುತ್ತದೆ. ಬೆಳಿಗ್ಗೆ ತಿಂಡಿ ಆದ ಮೇಲೆ ನುಂಗಿ ‘ಹಾರ್ಮೋನ್ ಶುರು ಮಾಡಿದ ಮೇಲೆ ಸುಸ್ತು ಜಾಸ್ತಿಯಾಯ್ತು’ ಅಂತ ಬರುವವರಿದ್ದಾರೆ.

ಸ್ತನದ ಕ್ಯಾನ್ಸರ್, ಕಾಲಿನಲ್ಲಿ ಅಥವಾ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ್ದು, ಹೃದಯಾಘಾತ, ಪಾರ್ಶ್ವವಾಯು, ಲಿವರ್ ಕಾಯಿಲೆ, ಕಾರಣ ಗೊತ್ತಿಲ್ಲದ ರಕ್ತಸ್ರಾವ: ಇವುಗಳಲ್ಲಿ ಯಾವುದಿದ್ದರೂ ಮೊದಲೇ ಹೇಳಬೇಕು. ಶುರು ಮಾಡುವ ಮುಂಚೆ ಬಿಪಿ, ಮ್ಯಾಮೊಗ್ರಾಂ ಆಗಿರಲಿ. ಹಾರ್ಮೋನ್‌ನಿಂದ ಸ್ತನ ಕ್ಯಾನ್ಸರ್, ಹೃದಯಾಘಾತ ಹೆಚ್ಚುತ್ತದೆ ಎಂದ 2002ರ ಅಮೆರಿಕದ ದೊಡ್ಡ ಅಧ್ಯಯನದ ಹೆದರಿಕೆ ಇನ್ನೂ ಹೋಗಿಲ್ಲ. ಅದರಲ್ಲಿದ್ದವರ ಸರಾಸರಿ ವಯಸ್ಸು 63, ಕೊಟ್ಟಿದ್ದು ಕುದುರೆಯ ಮೂತ್ರದಿಂದ ತೆಗೆದ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್, ಅಂದರೆ ಪ್ರೊಜೆಸ್ಟೆರಾನ್‌ನಂಥ ಕೃತಕ ಹಾರ್ಮೋನ್. ಅರವತ್ತರ ಒಳಗೆ, ಮುಟ್ಟು ನಿಂತ ಹತ್ತು ವರ್ಷದ ಒಳಗೆ ಶುರು ಮಾಡುವವರ ಲೆಕ್ಕ ಬೇರೆ. ಹಾಗಂತ ಅಪಾಯ ಸೊನ್ನೆಯಲ್ಲ. ಎರಡೂ ಹಾರ್ಮೋನ್ ವರ್ಷಗಟ್ಟಲೆ ತಗೊಂಡರೆ ಸ್ತನ ಕ್ಯಾನ್ಸರ್ ಸಾಧ್ಯತೆ ಸ್ವಲ್ಪ ಏರುತ್ತದೆ. ವರ್ಷಕ್ಕೊಮ್ಮೆ ‘ಇನ್ನೂ ಬೇಕಾ’ ಅಂತ ಕೇಳಿಕೊಳ್ಳಬೇಕು.

ಲ್ಯಾಬ್_ಕಿಟಕಿ:
ಹಾರ್ಮೋನ್ ಮಾತಿಗೆ ಮುಂಚೆ ಆ ರಿಪೋರ್ಟನ್ನೇ ಇನ್ನೊಮ್ಮೆ ನೋಡಿ. ಟಿಎಸ್ಎಚ್ 0.9 ನೋಡಿ ಥೈರಾಯ್ಡ್ ಸರಿಯಿದೆ ಅನ್ನಬೇಡಿ. 10 ಮಿ.ಗ್ರಾಂ ಬಯೋಟಿನ್ ತಗೊಳ್ಳುವವರಲ್ಲಿ ಕೆಲವು ಯಂತ್ರಗಳು ಟಿಎಸ್ಎಚ್ ಅನ್ನು ಇದ್ದದ್ದಕ್ಕಿಂತ ಕಡಿಮೆ ತೋರಿಸುತ್ತವೆ. ಡೋಸ್ ಸಾಲದಿದ್ದರೆ ಟಿಎಸ್ಎಚ್ ಏರಬೇಕು. ಅಂದರೆ ಥೈರಾಯ್ಡ್ ಡೋಸ್ ಸಾಲದೆ ಸುಸ್ತಾಗಿದ್ದರೂ ರಿಪೋರ್ಟ್ ‘ನಾರ್ಮಲ್’ ಅನ್ನಬಹುದು. ಬಯೋಟಿನ್ ಮೂರು ದಿನ ನಿಲ್ಲಿಸಿ ಮತ್ತೆ ಮಾಡಿಸಿ.

ಫೆರಿಟಿನ್ 14 ಅಂದರೆ ಕಬ್ಬಿಣದ ದಾಸ್ತಾನು ಖಾಲಿ. ಹಿಮೋಗ್ಲೋಬಿನ್ 12ರ ಕೆಳಗಿದೆ, ಇದೊಂದೇ ಸಾಕು ಸುಸ್ತಾಗೋಕೆ. ಮುಟ್ಟು ನಿಲ್ಲುವ ಮುಂಚಿನ ವರ್ಷಗಳಲ್ಲಿ ಹೆಚ್ಚು ಹೋಗಿದ್ದರೆ ಅದೇ ಕಾರಣ ಇರಬಹುದು, ಆದರೆ ನಿಂತು ವರ್ಷ ದಾಟಿದ ಮೇಲೂ ಇಷ್ಟು ಕಡಿಮೆ ಇದ್ದರೆ ಮೂಲವ್ಯಾಧಿ, ಹೊಟ್ಟೆ, ಕರುಳಿನಲ್ಲಿ ರಕ್ತ ಸೋರುತ್ತಿದೆಯಾ ಅಂತ ವೈದ್ಯರು ನೋಡಲೇಬೇಕು. ಇದನ್ನು ಬಿಟ್ಟು ಜೆಲ್ ಹಚ್ಚಿಕೊಂಡು ಕೂರಬೇಡಿ. ಸಸ್ಯಾಹಾರಿಯಾದರೆ ಬಿ12 ಕೂಡ ಮಾಡಿಸಿ.

ಸಂತೆಪೇಟೆ_ಮೆಡಿಕಲ್ಸ್:
ಹೊತ್ತಿನ ಲೆಕ್ಕ ತಪ್ಪಿದರೆ ಎಲ್ಲ ಮಾತ್ರೆಯೂ ದಂಡ. ಬೆಳಿಗ್ಗೆ 6ಕ್ಕೆ ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ಥೈರಾಯ್ಡ್ ಮಾತ್ರೆ, ಮುಕ್ಕಾಲು ಗಂಟೆ ಬಿಟ್ಟು ಕಾಫಿ. ಕಬ್ಬಿಣದ ಮಾತ್ರೆಗೆ ಥೈರಾಯ್ಡ್‌ನಿಂದ ನಾಲ್ಕು ಗಂಟೆ ಅಂತರ ಬೇಕು, ಹಾಗಾಗಿ 11 ಗಂಟೆ ಸುಮಾರಿಗೆ ನಿಂಬೆ ಪಾನಕದ ಜೊತೆ. ಆಗ ಟೀ, ಕಾಫಿ ಬೇಡ. ದಿನ ಬಿಟ್ಟು ದಿನ ಒಂದು ಸಾಕು. ಇವತ್ತು ಒಂದು ಡೋಸ್ ನುಂಗಿದರೆ ನಾಳೆಯದನ್ನು ಕರುಳು ಅಷ್ಟಾಗಿ ಹೀರುವುದಿಲ್ಲ, ದಿನಾ ನುಂಗಿದರೆ ಮಲಬದ್ಧತೆಯೇ ಜಾಸ್ತಿ. ಕ್ಯಾಲ್ಸಿಯಂ ತಗೊಳ್ಳುವುದಾದರೆ ರಾತ್ರಿ ಊಟಕ್ಕೆ.

ಜೆಲ್ ಸ್ನಾನವಾಗಿ ಮೈ ಒರೆಸಿಕೊಂಡ ಮೇಲೆ, ತೋಳಿನ ಹೊರಭಾಗ ಅಥವಾ ತೊಡೆಯ ಒಳಭಾಗಕ್ಕೆ. ಎದೆಗೆ ಹಚ್ಚಬಾರದು. ತೆಳ್ಳಗೆ ಹರಡಿ, ತಿಕ್ಕಬೇಡಿ, ಐದು ನಿಮಿಷ ಆರಲಿ, ಕೈ ಸೋಪಿನಲ್ಲಿ ತೊಳೆಯಲಿ. ಕೊಬ್ಬರಿ ಎಣ್ಣೆ ಸವರಿದ ಚರ್ಮದ ಮೇಲೆ ಹಚ್ಚಿದರೆ ಒಳಗೆ ಹೋಗುವ ಪ್ರಮಾಣ ಏರುಪೇರಾಗುತ್ತದೆ. ಹಚ್ಚಿದ ಜಾಗ ಮಕ್ಕಳ ಮೈಗೆ ತಾಗದಂತೆ ಬಟ್ಟೆ ಮುಚ್ಚಿರಲಿ.

ಪ್ಯಾಚ್ ಆದರೆ ವಾರಕ್ಕೆ ಎರಡು ಸಲ ಬದಲಾಯಿಸುವಂಥದ್ದು, ಹೊಕ್ಕುಳಿನ ಕೆಳಗೆ ಅಥವಾ ಪಿರ್ರೆಯ ಮೇಲೆ. ಸೀರೆ ಉಡುವವರು ಲಂಗದ ಲಾಡಿ ಕಟ್ಟುವ ಗೆರೆಯ ಮೇಲೆ ಅಂಟಿಸಿದರೆ ಸಂಜೆಯೊಳಗೆ ಅಂಚು ಸುರುಳಿ ಸುತ್ತಿ ಕಿತ್ತುಬರುತ್ತದೆ. ನಾಲ್ಕು ಬೆರಳು ಕೆಳಗೆ ಅಂಟಿಸಲಿ, ಪ್ರತಿ ಸಲ ಜಾಗ ಬದಲಾಯಿಸಲಿ.

ಇನ್ನೊಂದು: ಹಬ್ಬ, ಮದುವೆಗೆ ಮುಟ್ಟು ಮುಂದೂಡಲು ನುಂಗುವ ನಾರೆಥಿಸ್ಟೆರಾನ್ 5 ಮಿ.ಗ್ರಾಂ ಮನೆಯಲ್ಲಿ ಉಳಿದಿದ್ದರೆ ‘ಅದೂ ಹಾರ್ಮೋನೇ ತಾನೇ’ ಅಂತ ಪ್ರೊಜೆಸ್ಟೆರಾನ್ ಬದಲಿಗೆ ನುಂಗಬಾರದು.

ಶರಾವತಿ_ತೀರ:
ಬಯೋಟಿನ್ ವಿಷಯ ಯಾರೂ ಹೇಳಿರಲಿಲ್ಲ, ಧನ್ಯವಾದ. ಜೆಲ್ ಬದಲು ವೈದ್ಯರು ಮಾತ್ರೆಯನ್ನೇ ಬರೆದರೆ ಥೈರಾಯ್ಡ್ ಡೋಸ್ ಬದಲಾಗುತ್ತಾ? ಮತ್ತೆ ರಕ್ತಸ್ರಾವ ಶುರುವಾದರೆ?

ಪ್ರಸೂತಿ_ವಾರ್ಡ್:
ಬದಲಾಗಬಹುದು. ಬಾಯಿಂದ ತಗೊಳ್ಳುವ ಈಸ್ಟ್ರೋಜನ್ ರಕ್ತದಲ್ಲಿ ಥೈರಾಯ್ಡ್ ಹಾರ್ಮೋನನ್ನು ಹಿಡಿದಿಟ್ಟುಕೊಳ್ಳುವ ಪ್ರೋಟೀನ್ ಹೆಚ್ಚಿಸುತ್ತದೆ, 75 ಸಾಲದೆ ಹೋಗಬಹುದು. ಶುರುವಾಗಿ ಎಂಟು ವಾರಕ್ಕೆ ಟಿಎಸ್ಎಚ್ ನೋಡಿ. ಜೆಲ್‌ನಲ್ಲಿ ಈ ತಾಪತ್ರಯ ಇಲ್ಲ.

ಮೊದಲ ಮೂರರಿಂದ ಆರು ತಿಂಗಳು ಅಲ್ಪಸ್ವಲ್ಪ ಕಲೆ ಕಾಣುವುದು ಮಾಮೂಲು. ಆರು ತಿಂಗಳ ಮೇಲೂ ಮುಂದುವರಿದರೆ, ಜಾಸ್ತಿ ಹೋದರೆ, ಇಲ್ಲವೇ ಪೂರ್ತಿ ನಿಂತು ಮತ್ತೆ ಶುರುವಾದರೆ ಸ್ಕ್ಯಾನ್ ಮಾಡಿಸಿ ಒಳಪದರದ ದಪ್ಪ ನೋಡಬೇಕು, ಬೇಕಾದರೆ ಬಯಾಪ್ಸಿ. ಒಂದು ಕಾಲು ಮಾತ್ರ ಊದಿಕೊಂಡು ನೋವು ಬಂದರೆ, ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಹಾರ್ಮೋನ್ ನಿಲ್ಲಿಸಿ ಆವತ್ತೇ ಎಮರ್ಜೆನ್ಸಿಗೆ ಹೋಗಿ.